ಮಾಮಾಗೊಂದು ಜರ್ಮನ್ ಬೀರು

ದಿನಚರಿ ಬರೆಯುವವರಿಗೆ ಒಂದು ಭ್ರಮೆ ಇರುತ್ತದೆ. ತಾರೀಖು ಹಾಕಿ ಬರೆದಿಟ್ಟ ಕೆಲಸ ಹಾದಿ ತಪ್ಪಲಾರದು ಎಂದು. ನನಗಂತೂ ಅದು ತುಸು ಹೆಚ್ಚೇ ಇತ್ತು. ಹುಮನಾಬಾದಿನ ನಮ್ಮ ಮನೆಯ ಬೆಕ್ಕು ಮರಿ ಹಾಕಿದರೂ ನಾನು ತಾರೀಖು ಹಾಕಿ ಬರೆದಿಡುತ್ತಿದ್ದೆ. ಬೆಕ್ಕು ಮಾತ್ರ ಎಂದೂ ನನ್ನನ್ನು ಕೇಳಿ ಮರಿ ಹಾಕಲಿಲ್ಲ.

ಅವ್ವನ ತಮ್ಮ, ಅಂದರೆ ನನ್ನ ಮಾಮಾ, ಜರ್ಮನಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕೆಲಸ ಕಲಿತು ಕಲ್ಯಾಣಕ್ಕೆ ಮರಳಿದವರು. ಬರುವಾಗ ಒಂದು ಕೋಟು, ಒಂದು ಕೆಮ್ಮು, ಜೊತೆಗೆ ತಿಳಿಬಣ್ಣದ ಒಂದು ಬೀರಿನ ನೆನಪು ತಂದಿದ್ದರು. "ಬಿಸಿ ರೊಟ್ಟಿ ವಾಸನಿ ಬರ್ತದ ನೋಡು ಅದಕ್ಕ. ಕಹಿ ಇದ್ದೂ ಇಲ್ಲದಂಗ," ಎನ್ನುತ್ತಿದ್ದರು. ಜರ್ಮನಿಯ ಜೊತೆ ಲಡಾಯಿ ಶುರುವಾದ ಮೇಲೆ ಆ ಬಾಟಲಿ ಹೈದರಾಬಾದಿಗೂ ಬರುವುದು ನಿಂತಿತು, ಮಾಮಾ ಬಾಡಿಹೋದರು. ನನಗೆ ಬೇಕಾಗಿದ್ದದ್ದು ಅವರ ಮಗಳು ನೀಲಾ. ಸೋದರಮಾವನ ಮಗಳ ಮೇಲೆ ಹಕ್ಕಿದೆ ಎಂದು ನಮ್ಮ ಕಡೆ ಹೇಳುತ್ತಾರೆ. ಆದರೆ ಹಕ್ಕಿನ ಮಾತೆತ್ತಿದರೆ ಮಾಮಾ ಕೆಮ್ಮುತ್ತಿದ್ದರು. ಅವರ ಮನಸ್ಸು ಗೆಲ್ಲಲು ಆ ಬೀರನ್ನೇ ಮಾಡುವುದೆಂದು ನಿಶ್ಚಯಿಸಿದೆ.

ಅವರ ಬಾಯಿಂದ ಕೇಳಿದ್ದೇ ನನಗೆ ವಿದ್ಯೆ. ಜವೆಗೋಧಿಯನ್ನು ಮೊಳಕೆ ಬರಿಸಿ, ಹುರಿಯದೆ ನೆರಳಲ್ಲಿ ಒಣಗಿಸಿದೆ. ಹುರಿದರೆ ಬಣ್ಣ ಕಪ್ಪಾಗುತ್ತದೆ. ಬೀಸಿ, ಬಿಸಿನೀರಲ್ಲಿ ನೆನೆಸಿ, ಸೋಸಿ ಕುದಿಸಿದೆ. ಅಲ್ಲಿಯವರು ಬೀರಿಗೆ ಹಾಕುವ ಕಹಿ ಹೂವು ನಮಗೆಲ್ಲಿಯದು? ಒಣಗಿದ ಬೇವಿನ ಹೂವು ಚಿಟಿಕೆಯಷ್ಟು ಹಾಕಿದೆ. ಆರಿದ ಮೇಲೆ ಪಾವ್ ಸುಡುವ ಭಟ್ಟಿಯಿಂದ ತಂದ ಹುದುಗು ಬೆರೆಸಿದೆ. ಈ ಬೀರಿಗೆ ಬಹಳ ದಿನದ ಚಳಿ ಬೇಕು. ಅದಕ್ಕೇ ಪುಷ್ಯಮಾಸದಲ್ಲಿ ಗಡಿಗೆಯನ್ನು ಹಿತ್ತಲ ಬಾವಿಯ ಮೆಟ್ಟಿಲ ಪಕ್ಕದ ಗೂಡಿನಲ್ಲಿಟ್ಟೆ. ದಿನಾ ಇಳಿದು ಮೂಸಿ, ಹತ್ತಿ ಬಂದು ಬರೆದೆ.

"ಏನೋ ಶರಣು ಅದು?" ಎಂದಳು ಅವ್ವ.

"ಮಾಮಾನ ಕೆಮ್ಮಿಗೆ ಔಷಧ."

ನಿಜ ಹೇಳಿದ್ದರೆ ಗಡಿಗೆಯ ಜೊತೆ ನಾನೂ ಬಾವಿಯಲ್ಲೇ ಇರಬೇಕಾಗುತ್ತಿತ್ತು. ನಮ್ಮದು ಅಂಥ ಮಡಿವಂತ ಮನೆ.

ಮಾಮಾ ಊಟಕ್ಕೆ ಬರುವ ದಿನ ಮೋಟಾರಿನಿಂದ ಅವರನ್ನು ಇಳಿಸಿಕೊಂಡು ಮನೆಗೆ ಬಂದೆ. ಹೊಸ್ತಿಲಲ್ಲೇ ಬೆಳ್ಳುಳ್ಳಿಯ ಘಾಟು ಬಡಿಯಿತು. ಹಿತ್ತಲಿಗೆ ಓಡಿ ನೋಡಿದರೆ ಬಾವಿಯ ಗೂಡು ಬರಿದಾಗಿತ್ತು, ಒಳಗೆ ಒಲೆಯ ಮೇಲೆ ಗಡಿಗೆ ಕುದಿಯುತ್ತಿತ್ತು.

"ಕೆಮ್ಮೋರಿಗೆ ತಣ್ಣಂದು ಕುಡಸ್ತಾರೇನೋ, ಹುಚ್ಚಪ್ಯಾಲಿ?" ಎಂದು ಅವ್ವ ಪಿಸುಗುಟ್ಟಿದಳು. "ಕಡ್ಲಿಹಿಟ್ಟು ಕದಡಿ, ಬಳ್ಳೊಳ್ಳಿ ಒಗ್ಗರಣಿ ಕೊಟ್ಟೀನಿ. ಬಿಸಿ ಬಿಸಿ ಉಣ್ಲಿ."

ಮಾಮಾ ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟರು. ಅಗಿಯುವುದು ನಿಂತಿತು. ನೀಲಾ ಮೆಲ್ಲಗೆ ಬೇರೆ ಊರಿನ ಸೊಸೆಯಾಗುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು.

"ಅಕ್ಕಾ, ಇದು ಯಾರ ಕೈಗುಣ?"

"ನಿನ್ನ ಅಳಿಯಾಂದು. ತಿಂಗಳಾತು, ಬಾವಿಗೆ ಹತ್ತಿ ಇಳಿದು ಸಾಯಾಕತ್ತಾನ."

"ಇನ್ನೊಂದು ಸೌಟು ಹಾಕು."

ಕೈತೊಳೆಯಲು ನೀರು ಹಾಕುವಾಗ ಮಾಮಾ ನನ್ನ ಕಿವಿಯ ಹತ್ತಿರ ಬಾಗಿದರು. "ಆ ಬೀರಿನ ರೊಟ್ಟಿ ವಾಸನಿ ಖರೇನೇ ಇತ್ತೋ. ಬಳ್ಳೊಳ್ಳಿ ದಾಟಿ ಬಂತು. ತಿಂಗಳು ಕಾದದ್ದು ಒಲಿ ಮ್ಯಾಲೆ ಹೋದ್ರೂ ನೀ ಒಂದು ಮಾತು ಆಡ್ಲಿಲ್ಲ. ನಮ್ಮ ನೀಲಾನ ಸಿಟ್ಟಿಗೆ ಇಂಥಾ ತಾಳ್ಮಿನೇ ಬೇಕು."

ಲಗ್ನವಾದ ಮೇಲೆ ಇದನ್ನೆಲ್ಲ ನೀಲಾಗೆ ಹೆಮ್ಮೆಯಿಂದ ಹೇಳಿದೆ. ಅವಳು ಸೆರಗು ಬಾಯಿಗಿಟ್ಟು ನಕ್ಕಳು. "ಅದು ಎಲ್ಲಿ ತಾಳ್ಮಿರಿ? ನಿಮ್ಮ ಅವ್ವಗ ಅಂಜಿ ಬಾಯಿ ಬಿಟ್ಟಿಲ್ಲ ನೀವು."

ತಕ್ಕ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಅವ್ವನ ಬಳೆಯ ಸದ್ದು ಕೇಳಿತು. ಸುಮ್ಮನಾದೆ.