ನಮ್ಮ ನೆಗೆಣ್ಣಿಯ ಇಂಗ್ಲಿಷ್ ಬಿ.ಎ.

ಇಂಗ್ಲಿಷ್ ಪದ್ಯ ಕಿವಿಗೆ ಬೀಳದ ಹೊರತು ಹಾಲು ಕೊಡದ ಎಮ್ಮೆ ಇಡೀ ಸಿಂದಗಿ ತಾಲೂಕಿನಲ್ಲಿ ಒಂದೇ ಒಂದಿದೆ. ಅದು ಕನ್ನೊಳ್ಳಿಯಲ್ಲಿ, ನಮ್ಮ ಕೊಟ್ಟಿಗೆಯಲ್ಲಿದೆ! ಅದನ್ನು ಹೀಗೆ ಕೆಡಿಸಿದವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಓದಲು ಬೇರೆ ಹೊತ್ತು ಸಿಗುವುದಿಲ್ಲವೆಂದು ಹಾಲು ಹಿಂಡುವಾಗಲೇ ಪದ್ಯ ಬಾಯಿಪಾಠ ಮಾಡುತ್ತಾಳೆ. ಒಮ್ಮೆ ಅವಳು ತವರಿಗೆ, ದೇವಣಗಾಂವಿಗೆ ಹೋದಾಗ ಹಿಂಡುವ ಪಾಳಿ ನನಗೆ ಬಂತು. ಎಮ್ಮೆ ಸೊರ ಬಿಡಲೊಲ್ಲದು, ಕೆಚ್ಚಲಿಗೆ ಹಾಲೇ ಇಳಿಯದು. ಹಾಳಾಗಿ ಹೋಗಲಿ ಎಂದು ನಾನೂ ಒಂದು ಇಂಗ್ಲಿಷ್ ಪದ್ಯ ಹೇಳಿದೆ. ನನ್ನ ಉಚ್ಚಾರಣೆ ಅದಕ್ಕೆ ಹಿಡಿಸಲಿಲ್ಲ. ಚರಿಗೆಯನ್ನು ಒದ್ದು, ಮುಖ ತಿರುಗಿಸಿ ನಿಂತುಬಿಟ್ಟಿತು!

ನನ್ನ ಹೊಟ್ಟೆ ಉರಿಯಿತೋ ಇಲ್ಲವೋ ನೀವೇ ಹೇಳಿ. ಏಕೆಂದರೆ ಈ ಮನೆಯಲ್ಲಿ ಇಂಗ್ಲಿಷ್ ಸಾಹಿತ್ಯದ ಬಿ.ಎ. ಆಗಿ ಬಂದ ಸೊಸೆ ನಾನು. ಮುದ್ದೇಬಿಹಾಳದ ಹುಡುಗಿ. ಕನ್ಯೆ ನೋಡಲು ಬಂದಾಗ ನಮ್ಮಪ್ಪ ಬಂಗಾರದ ಮಾತೆತ್ತುವ ಮೊದಲೇ "ಇಂಗ್ಲೀಷ್ ಲಿಟರೇಚರ್ ಐತ್ರಿ" ಎಂದಿದ್ದರು. ಅಂದಿನಿಂದ ಈ ಮನೆಯ ಔಷಧದ ಬಾಟಲಿ, ಬ್ಯಾಂಕಿನ ಮೆಸೇಜು, ಮಿಕ್ಸರಿನ ಜೊತೆಗೆ ಬಂದ ಸೂಚನೆಯ ಹಾಳೆ, ಎಲ್ಲವೂ ನನ್ನ ಕೈಗೇ ಬರಬೇಕು. ನಾನು ಹುಬ್ಬು ಗಂಟಿಕ್ಕಿ ಓದಬೇಕು, ಉಳಿದವರು ಉಸಿರು ಹಿಡಿದು ಕಾಯಬೇಕು. ಎಂಥ ವೈಭೋಗ!

ಅಕ್ಕ (ನೆಗೆಣ್ಣಿಯನ್ನು ನಾನು ಕರೆಯುವುದು ಹಾಗೆ) ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ಬಂದವಳು. ಮಗಳನ್ನು ಇಂಡಿಗೆ ಕೊಟ್ಟು ಮದುವೆ ಮಾಡಿದ ಮೇಲೆ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಪಡಸಾಲೆಗೆ ಬಂದಳು.

"ಅತ್ತೀ, ನಾ ಕಾಲೇಜಿಗೆ ಹೊಂಟೇನ್ರಿ" ಎಂದಳು.

ಅತ್ತೆ ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತದೆ, "ಯಾರನ್ನ ಬಿಟ್ಟು ಬರಾಕ?" ಎಂದು ಕೇಳಿದರು.

"ನನ್ನ ನಾನ ಬಿಟ್ಟು ಬರಾಕ್ರಿ."

ಅತ್ತೆಯ ಕೈಯ ಶೇಂಗಾ ಕೈಯಲ್ಲೇ ಉಳಿಯಿತು. ಭಾವನವರಿಗೆ ವಿಷಯ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ, ಅವರು ಬೆಳಕು ಹರಿಯುವ ಮೊದಲೇ ಹೊಲಕ್ಕೆ ಪರಾರಿಯಾಗಿದ್ದರು! ಕೊನೆಗೆ ನಾನೇ ಅನುಭವಸ್ಥೆಯ ಗತ್ತಿನಲ್ಲಿ, "ಅಕ್ಕಾ, ಇಂಗ್ಲೀಷ್ ಭಾಳ ಕಠಿಣ ಐತಿ. ಕನ್ನಡ ತಗೋ, ಸುಲಭ ಆಕ್ಕೈತಿ" ಎಂದು ಉಪದೇಶ ಮಾಡಿದೆ.

"ಕನ್ನಡ ನನಗ ಬರ್ತೈತಲ್ಲ! ಬರೂದನ್ನ ಕಲಿಯಾಕ ಸಿಂದಗಿ ತನಕ ಯಾಕ ಹೋಗ್ಲಿ?" ಎಂದವಳೇ ಬಸ್ಸು ಹತ್ತಿದಳು.

ಹೋಗಲಿ, ಹದಿನೆಂಟರ ಹುಡುಗಿಯರ ನಡುವೆ ನಾಚಿಕೊಂಡು ವಾರದೊಳಗೆ ವಾಪಸು ಬರುತ್ತಾಳೆ ಎಂದು ನಾನು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಎಲ್ಲಿಯ ನಾಚಿಕೆ! ಬಿಸಿಲನ್ನು ಹಾಡಿ ಹೊಗಳುವ ಒಂದು ಪದ್ಯವನ್ನು ಅವರ ಸರ್ ಬಣ್ಣಿಸಿ ಬಣ್ಣಿಸಿ ಪಾಠ ಮಾಡುತ್ತಿದ್ದರಂತೆ. ಇವಳು ಎದ್ದು ನಿಂತಳಂತೆ.

"ಸರ್, ಈ ಕವಿ ಇದನ್ನ ಯಾವ ತಿಂಗಳದಾಗ ಬರದಾನ್ರಿ?"

"ಮೇ ತಿಂಗಳದಾಗ ಇರಬೇಕ್ರಿ ಬಾಯಾರ."

"ಹಂಗಾದ್ರ ಅಂವನ್ನ ಒಮ್ಮೆ ಕನ್ನೊಳ್ಳಿಗೆ ಕರಕೊಂಡು ಬರ್ರಿ. ಮಟಮಟ ಮಧ್ಯಾಹ್ನ ನಮ್ಮ ಹೊಲದಾಗ ನಿಲ್ಲಸೂಣು. ಎರಡನೇ ಸಾಲು ಹ್ಯಾಂಗ ಬರೀತಾನ ನೋಡೂಣು!"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತಂತೆ. ಸರ್ ಅಂತೂ ಬೆವರೊರೆಸಿಕೊಳ್ಳುತ್ತ, "ಕವಿತೆಯನ್ನ ಹಿಂಗ ಪ್ರಶ್ನೆ ಕೇಳಿ ಓದಬೇಕ್ರಿ" ಎಂದು ಹೊಗಳಿದರಂತೆ! ನಾನು ಮೂರು ವರ್ಷ ಅದೇ ಸಾಹಿತ್ಯ ಓದಿದೆ. ಗೈಡು ತೆರೆದೆ, ಉತ್ತರ ಉರು ಹೊಡೆದೆ, ಪಾಸಾದೆ. ನನ್ನ ಮಾತಿಗೆ ಒಬ್ಬರೂ ನಗಲಿಲ್ಲ. ನಗುವುದಿರಲಿ, ನಾನು ಮಾತಾಡಿದ್ದಾದರೂ ಯಾವಾಗ?

ಮುಂದೆ ಕಾದಂಬರಿ ಬಂತು. ಇಬ್ಬರು ಗಂಡುಗಳಲ್ಲಿ ಯಾರನ್ನು ಒಪ್ಪಬೇಕೆಂದು ಪುಸ್ತಕದ ಉದ್ದಕ್ಕೂ ಯೋಚಿಸುವ ಒಬ್ಬ ಹುಡುಗಿಯ ಕತೆ. ಅಕ್ಕ ಆ ಚಿಂತೆಯನ್ನು ತನ್ನ ಮಗಳ ಸಂಬಂಧದ ಚಿಂತೆಯಂತೆ ಮನೆಗೆ ಹೊತ್ತು ತಂದಳು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, "ಮೊದಲನೇದಂವ ಬರೇ ಮಾತಿನ ಮಲ್ಲ. ಎರಡನೇದಂವ ಬಾಯಿನ ಬಿಡವಲ್ಲ. ಆ ಹುಡುಗಿ ಏನ್ ಮಾಡಬೇಕವಾ?" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಹೆಪ್ಪಿಗೆ ಮೊಸರು ಕೇಳಲು ಬಂದಿದ್ದ ಪಕ್ಕದ ಮನೆಯಾಕೆ ಕಿವಿ ನಿಮಿರಿಸಿದಳು.

"ಹುಡುಗಿ ಯಾವೂರಾಕಿ? ನಮ್ಮಣ್ಣನ ಮಗ ನಿಡಗುಂದ್ಯಾಗ ಅದಾನ. ನೀರಾವರಿ ಹೊಲ ಐತಿ. ಜಾತಕ ತರಸ್ಲಿ ಏನು?"

ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಗಂಭೀರವಾಗಿ, "ಬ್ಯಾಡವಾ. ಆ ಹುಡುಗಿಗೆ ಎರಡನೇದಂವನ ಮ್ಯಾಲೆ ಮನಸೈತಿ" ಎಂದುಬಿಟ್ಟರು! ಹೌದು, ಅತ್ತೆಯೂ ಬಲೆಗೆ ಬಿದ್ದಿದ್ದರು. ಸಂಜೆ ಬಸ್ಸಿನ ಸಪ್ಪಳ ಕೇಳಿದರೆ ಸಾಕು, ಕಟ್ಟೆಗೆ ಬಂದು ಕೂತು, "ಇವತ್ತ ಏನಾತು ಆ ಹುಡುಗಿದು?" ಎಂದು ಕೇಳುವರು. ಒಂದು ದಿನ ನಾನು ಚಹಾ ಕೊಡಲು ಹೋದಾಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನೂ ಇದನ್ನ ಓದಿದಾಕಿ ಹೌದಲ್ಲ? ಇಷ್ಟು ವರ್ಷದಾಗ ಇಂಥಾದೊಂದು ಕತಿ ಹೇಳಿದೇನ?" ಎಂದರು. ಚಹಾದಲ್ಲಿ ಸಕ್ಕರೆ ಹಾಕಿದ್ದೆನೋ ಉಪ್ಪು ಹಾಕಿದ್ದೆನೋ, ಈಗಲೂ ಹೇಳಲಾರೆ.

ಆಮೇಲೆ ಔಷಧದ ಬಾಟಲಿಗಳು ಒಂದೊಂದಾಗಿ ಅಕ್ಕನ ಕೈಗೆ ಹೋದವು. ಫೋನೂ ಹೋಯಿತು. ರೆಕಾರ್ಡ್ ಮಾಡಿದ ಹೆಣ್ಣಿನ ದನಿ ಒಂದು ಒತ್ತಿ, ಎರಡು ಒತ್ತಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆ ಇವಳು, "ಸಿಸ್ಟರ್, ಯೂ ಆರ್ ನಾಟ್ ಲಿಸನಿಂಗ್!" ಎಂದು ಅದರೊಡನೆ ಜಗಳಕ್ಕೆ ನಿಂತಳು. ಅದು ಯಂತ್ರ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟಾದರೂ ಸುಖ ನನಗೆ ಬೇಡವೇ?

ಕೊನೆಯ ವರ್ಷದಲ್ಲಿ ಸ್ವಂತವಾಗಿ ಬರೆಯುವ ಒಂದು ಪೇಪರು ಇತ್ತು. ಅಕ್ಕ ಬರೆದದ್ದನ್ನು ನೋಡಿದ ಸರ್, ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಸುತ್ತಲಿನ ತಾಲೂಕುಗಳ ವಿದ್ಯಾರ್ಥಿಗಳು ಸೇರುವಾಗ ಓದಬೇಕೆಂದು ಅವಳ ಹೆಸರು ಕೊಟ್ಟುಬಿಟ್ಟರು. "ಒಬ್ಬಾಕಿನ ಕಳಿಸೂದ ಬ್ಯಾಡ, ನೀ ಜೋಡಿ ಹೋಗು" ಎಂದು ಅತ್ತೆ ನನಗೆ ಅಪ್ಪಣೆ ಕೊಟ್ಟರು. ಬಸ್ಸಿನ ದಾರಿಯುದ್ದಕ್ಕೂ ನಾನು ಎಲ್ಲ ದೇವರಿಗೂ ಕೈ ಮುಗಿದೆ. ಅವಳು ಚೆನ್ನಾಗಿ ಓದಲಿ ಎಂದೇ? ಛೇ! ಒಂದೇ ಒಂದು ಕಡೆ ತಡವರಿಸಲಿ ಎಂದು!

ದೇವರು ನನ್ನ ಮಾತು ಕೇಳಿದ. ವೇದಿಕೆಯ ಮೇಲೆ ಅಕ್ಕ ಮೊದಲ ಸಾಲಿನಲ್ಲೇ ತನ್ನ ಅತ್ತೆಯನ್ನು "ಹಿ" ಮಾಡಿಬಿಟ್ಟಳು. ಎದುರಿಗೆ ಕೂತಿದ್ದ ಹುಡುಗಿಯೊಬ್ಬಳು ಕಿಸಕ್ಕೆಂದಳು. ಅಕ್ಕ ಓದುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು.

"ಯಾಕ ನಗ್ತೀ ಯವ್ವಾ? ಎಲ್ಲಿ ತಪ್ಪೈತಿ ಹೇಳು, ತಿದ್ದಕೋತೇನಿ."

ಹುಡುಗಿ ಮೆಲ್ಲಗೆ, "ಶೀ ಆಗಬೇಕ್ರಿ" ಎಂದಳು. "ಹೌದಲ್ಲ, ಶೀ. ಆದ್ರ ನಮ್ಮತ್ತಿನ ನೀ ನೋಡಿಲ್ಲ, ಹಿ ಅಂದ್ರೂ ನಡೀತೈತಿ!" ಎಂದಳು ಅಕ್ಕ. ಸಭೆ ನಕ್ಕಿತು. ಅವಳು ಮತ್ತೆ ಮೊದಲಿನಿಂದ ಓದತೊಡಗಿದಳು.

ಮದುವೆಯಾಗಿ ಬಂದ ಮಾರನೆಯ ದಿನ ಮನೆಯ ಹಿರಿಯರೆಲ್ಲ ಸುತ್ತ ಕೂತಿರುವಾಗ ರೊಟ್ಟಿ ಬಡಿದದ್ದನ್ನು ಅವಳು ಬರೆದಿದ್ದಳು. ರೊಟ್ಟಿ ದುಂಡಗಾಯಿತೋ, ಅಂಚು ಹರಿಯಿತೋ, ಉಬ್ಬಿತೋ ಎಂದು ಎಲ್ಲರೂ ನೋಡುತ್ತಿದ್ದಾರೆ. ಹಂಚು ತಾಗಿ ಹುಡುಗಿಯ ಬೆರಳು ಸುಟ್ಟಿದೆ. ಕೊನೆಗೆ ಎರಡು ಚಿಕ್ಕ ವಾಕ್ಯಗಳು. ಕನ್ನಡದಲ್ಲಿ ಹೇಳುವುದಾದರೆ: ಎಲ್ಲರೂ ರೊಟ್ಟಿಯನ್ನು ನೋಡಿದರು. ನನ್ನನ್ನು ಯಾರೂ ನೋಡಲಿಲ್ಲ.

ಸಭೆಯಲ್ಲಿ ಯಾರೂ ನಗಲಿಲ್ಲ. ಆ ವಾಕ್ಯಗಳಲ್ಲಿ ನನಗೆ ಗೊತ್ತಿಲ್ಲದ ಶಬ್ದ ಒಂದೂ ಇರಲಿಲ್ಲ. ಎಲ್ಲವೂ ಸಣ್ಣ ಶಾಲೆಯ ಮಕ್ಕಳಿಗೂ ಬರುವ ಶಬ್ದಗಳು. ಹೊಟ್ಟೆ ಉರಿದದ್ದೇ ಅದಕ್ಕೆ! ಆ ಶಬ್ದಗಳೆಲ್ಲ ನನ್ನ ಬಳಿಯೂ ಇದ್ದವು. ಅಂಥದೇ ರೊಟ್ಟಿಯನ್ನು ನಾನೂ ಅದೇ ಒಲೆಯ ಮುಂದೆ ಕೂತು ಬಡಿದಿದ್ದೆ.

ಕಾರ್ಯಕ್ರಮ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದು, ಮಿರ್ಚಿ ಭಜಿ ಕಟ್ಟಿಸಿಕೊಂಡು ಕಟ್ಟೆಯ ಮೇಲೆ ಕೂತೆವು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಇದನ್ನ ಕನ್ನಡದಾಗ ಬರೀಬೇಕಿತ್ತು. ಮನ್ಯಾಗ ಎಲ್ಲಾರಿಗೂ ತಿಳೀತಿತ್ತಲ್ಲ?"

ಅಕ್ಕ ಭಜಿಯ ಮೆಣಸಿನಕಾಯಿ ತೊಟ್ಟನ್ನು ಬದಿಗಿಟ್ಟಳು. "ಕನ್ನಡದಾಗ ಬರೀಬೇಕಂತ ಕುಂತ್ರ, ನನಗ ಬೈದ ಮಾತ ಮೊದಲು ನೆನಪಾಗ್ತಾವ. ಇಂಗ್ಲೀಷಿನ್ಯಾಗ ನನಗ ಇನ್ನಾ ಯಾರೂ ಬೈದಿಲ್ಲ ನೋಡು" ಎಂದು ನಕ್ಕಳು. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಬಸ್ಸು ಬರುವ ದಾರಿಯ ಕಡೆ ನೋಡುತ್ತ, "ಮತ್ತ ಎಲ್ಲಾರಿಗೂ ಯಾಕ ತಿಳೀಬೇಕು? ಆ ಮನ್ಯಾಗ ಇದು ತಿಳಿಯಾಕಿ ನೀ ಒಬ್ಬಾಕಿ ಅದೀ. ನನಗ ಅಷ್ಟ ಸಾಕಿತ್ತು" ಎಂದಳು.

ಭಜಿ ಖಾರವಿತ್ತೆಂದು ಹೇಳಿ ಕಣ್ಣೊರೆಸಿಕೊಂಡೆ.

ಸಿಂದಗಿ ಬಸ್ಸು ಬಂತು. ಹೆಂಗಸರಿಗೆ ಪುಕ್ಕಟೆ ಆದಾಗಿನಿಂದ ಸೀಟು ಹಿಡಿಯುವುದೆಂದರೆ ಯುದ್ಧ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಬ್ಬರನ್ನು ತಳ್ಳಿ, ಮೂವರಿಂದ ಬೈಸಿಕೊಂಡು ಒಳಗೆ ನುಗ್ಗಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಅಕ್ಕನನ್ನು ಕೂರಿಸಿ, ಅವಳ ಪಕ್ಕ ಒತ್ತಿಕೊಂಡು ಕೂತೆ.

"ಅಕ್ಕಾ, ಇನ್ನೊಮ್ಮೆ ಓದು" ಎಂದೆ. "ಸಾವಕಾಶ ಓದು. ನಾ ಕೇಳಾಕತ್ತೇನಿ."