ಲಿವರ್‌ಗೆ ಒಳ್ಳೇದಂತೆ!

ಅನಘಾ: ಸುಳ್ಳು ಹೇಳ್ಬೇಡ. ಫೋಟೋದಲ್ಲಿ ನಿನ್ನ ಕೈಲಿರೋ ಮಗ್‌ನಲ್ಲಿ ನೊರೆ ಇದೆ.

ಕೌಶಿಕ್: ಕಬ್ಬಿನ ಹಾಲು ಕಣೇ ಅದು! ಹಾಕರ್ ಸೆಂಟರ್ ಜ್ಯೂಸ್ ಅಂಗಡೀಲಿ ಅದನ್ನೂ ಮಗ್‌ನಲ್ಲೇ ಕೊಡ್ತಾರೆ.

ಅನಘಾ: ಕಬ್ಬಿನ ಹಾಲು ಕುಡಿದೋರ ಮುಖ ಅಷ್ಟು ಖುಷಿಯಾಗಿರಲ್ಲ.

ಕೌಶಿಕ್: ಎಂಟು ವಾರದಿಂದ ಬಿಯರ್ ಬಿಟ್ಟೋನಿಗೆ ಅದೇ ಖುಷಿ.

ಚೋವಾ ಚು ಕಾಂಗ್ ಬಡಾವಣೆಯ ಹತ್ತನೇ ಮಹಡಿಯ ಆ ಫ್ಲ್ಯಾಟಿನಲ್ಲಿ, ಗಂಡಹೆಂಡಿರ ಜಗಳಕ್ಕೆ ಮೂಲವಾದ ಬ್ಲಡ್ ರಿಪೋರ್ಟು ಊಟದ ಮೇಜಿನ ಮೇಲೆ ಬಿದ್ದಿತ್ತು. ಚಿಕ್ಕಂದಿನ ಆಪರೇಷನ್ನಿನಲ್ಲಿ ಏರಿಸಿದ ರಕ್ತದ ಜೊತೆ ಕೌಶಿಕನ ಮೈಯೊಳಗೆ ಹೊಕ್ಕ ಹೆಪಟೈಟಿಸ್ ಸಿ ವೈರಸ್ಸು, ಹೇಳದೆ ಕೇಳದೆ ಇಪ್ಪತ್ತೈದು ವರ್ಷ ಅಲ್ಲೇ ಬೀಡುಬಿಟ್ಟಿತ್ತು. ಈಗ ಅದನ್ನು ಹೊರಹಾಕಲು ಹನ್ನೆರಡು ವಾರದ ಮಾತ್ರೆ. ನಾಲ್ಕನೇ ವಾರ ಲಿವರ್ ಎನ್‌ಜೈಮು ಎಂಬತ್ತರಿಂದ ಮೂವತ್ತಕ್ಕೆ ಇಳಿದಾಗ, ಜುರಾಂಗ್ ಐಲ್ಯಾಂಡಿನ ರಾಸಾಯನಿಕ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿನಲ್ಲಿ ಆ ಮಾತ್ರೆಯನ್ನು ತಾನೇ ಕಂಡುಹಿಡಿದವನಂತೆ ಅವನು ಭಾಷಣ ಬಿಗಿದಿದ್ದ. ಎಂಟನೇ ವಾರಕ್ಕೆ ಅದೇ ಎನ್‌ಜೈಮು ಇನ್ನೂರಹತ್ತು! ಪ್ಲಾಂಟಿನಲ್ಲಿ ಒತ್ತಡದ ಮುಳ್ಳು ಹೀಗೇರಿದ್ದರೆ ಸೈರನ್ ಹೊಡೆಸುತ್ತಿದ್ದ ಇಂಜಿನಿಯರು, ಸ್ವಂತ ಲಿವರಿನ ವಿಷಯಕ್ಕೆ ಹೆಂಡತಿಯೆದುರು ಬೆವರುತ್ತಿದ್ದ.

ಅನಘಾ: ಡಾಕ್ಟರ್ ಏನಂದ್ರು? ಈ ಮಾತ್ರೆಗೆ ಎನ್‌ಜೈಮ್ ಇಳೀಬೇಕು. ಏರಿದೆ ಅಂದ್ರೆ ಬೇರೆ ಏನೋ ಒಳಗೆ ಹೋಗ್ತಿರಬಹುದು. ಮುಂದಿನ ವಾರಾನೂ ಏರಿದ್ರೆ ಟ್ರೀಟ್‌ಮೆಂಟ್ ನಿಲ್ಲಿಸಬೇಕಾಗುತ್ತೆ. ಇಷ್ಟು ದಿನದ್ದೆಲ್ಲ ನೀರಲ್ಲಿ ಹೋಮ!

ಕೌಶಿಕ್: ಮಾತ್ರೆ, ನಿನ್ನ ಅಡುಗೆ, ಆ ಕಬ್ಬಿನ ಹಾಲು. ಇಷ್ಟು ಬಿಟ್ರೆ ಬಾಯೊಳಗೆ ಏನೂ ಹೋಗ್ತಿಲ್ಲ. ದೇವರಾಣೆ!

ದೇವರಿಗೆ ಕೇಳಿಸಿತೇನೋ, ಕರೆಗಂಟೆ ಮೊಳಗಿತು. ಪಕ್ಕದ ಮನೆಯ ದ್ವಾರಕನಾಥ ಅಂಕಲ್ ಸ್ಟೀಲ್ ಫ್ಲಾಸ್ಕು ಹಿಡಿದು ಒಳಬಂದರು.

ದ್ವಾರಕನಾಥ: ಏನಪ್ಪಾ, ಇವತ್ತು ಲಿಫ್ಟ್ ಹತ್ರ ಬರ್ಲೇ ಇಲ್ಲ? ಶನಿವಾರ ಅಂತ ಲಿವರ್‌ಗೂ ರಜಾನಾ?

ಅನಘಾ: ಏನಂಕಲ್ ಅದು ಫ್ಲಾಸ್ಕಲ್ಲಿ?

ದ್ವಾರಕನಾಥ: ಅಮೃತಬಳ್ಳಿ ಕಷಾಯ ಕಣಮ್ಮ. ಮೂರು ವಾರದಿಂದ ದಿನಾ ಒಂದು ಲೋಟ ಕೊಡ್ತಿದೀನಿ. ಲಿವರ್‌ಗೆ ಒಳ್ಳೇದಂತೆ.

ಕೌಶಿಕ್ ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದ.

ಅನಘಾ: ಬಾಯೊಳಗೆ ಏನೂ ಹೋಗ್ತಿಲ್ಲ, ಅಲ್ವಾ?

ಕೌಶಿಕ್: ಅದು ಬರೀ ಬಳ್ಳಿ ಕಣೇ! ಮೂವತ್ತನ್ನ ಇಪ್ಪತ್ತಕ್ಕಿಳಿಸಿ ಡಾಕ್ಟರ್ ಹತ್ರ ಶಭಾಶ್ ಅನ್ನಿಸ್ಕೊಳ್ಳೋಣ ಅಂತಿದ್ದೆ. ಟಾರ್ಗೆಟ್ ಮೀರೋದು ಆಫೀಸ್ ಚಾಳಿ...

ಅನಘಾ: ನಿನ್ನ ಪ್ಲಾಂಟ್ ಪೈಪಿಗೆ ಯಾರಾದ್ರೂ ಬರೀ ಬಳ್ಳಿ ತುರುಕಿದ್ರೆ ಸುಮ್ನಿರ್ತೀಯಾ? ಬಾಯಿಗೆ ಹೋಗೋದನ್ನೆಲ್ಲ ತಂದು ತೋರ್ಸಿ ಅಂದಿದಾರಲ್ಲ ಡಾಕ್ಟರು? ಹಾಕು ಫ್ಲಾಸ್ಕನ್ನ ಈ ಚೀಲಕ್ಕೆ!

ಕೌಶಿಕ್: ಎಲ್ಲಾನೂ ಅಂದ್ರೆ ಎಲ್ಲಾನೂ. ಅಡುಗೆಮನೆ ಡಬ್ಬಿಗಳೂ ಬರ್ಲಿ.

ಅನಘಾ: ಅಲ್ಲೇನಿದೆ? ಉಪ್ಪು, ಹುಳಿ...

ಅವಳು ಬಾಗಿಲಿಗೆ ಅಡ್ಡ ನಿಂತ ವೇಗ ಕಂಡು ಕೌಶಿಕನಿಗೆ ಜೀವ ಬಂತು. ನುಸುಳಿ ಒಳಹೋದವನು ಇಂಗಿನ ಹಿಂದಿನಿಂದ ಹಸಿರು ಪುಡಿಯ ಬಾಟಲಿ ಎತ್ತಿಕೊಂಡು ಬಂದ.

ಕೌಶಿಕ್: ಇದೇನು?

ಅನಘಾ: ಕರಿಬೇವಿನ ಚಟ್ನಿಪುಡಿ.

ಕೌಶಿಕ್: ಮತ್ತೆ ನನ್ನ ದೋಸೆಗೆ ಮಾತ್ರ ಯಾಕೆ ಹಾಕ್ತೀಯ?

ದ್ವಾರಕನಾಥ ಮುಚ್ಚಳ ತೆಗೆದು ಮೂಸಿದರು.

ದ್ವಾರಕನಾಥ: ಎಲ್ಲಿ ಕರಿಬೇವು? ನಾನೇ ಒಣಗಿಸಿ ಕೊಟ್ಟ ಅಮೃತಬಳ್ಳಿ ಪುಡಿ ಅಲ್ವೇನಮ್ಮ ಇದು? ದಿನಾ ಎರಡು ಚಮಚ ಅಂದಿದ್ನಲ್ಲ.

ಅನಘಾ: ಇವನಿಗೆ ಹೇಳ್ಬೇಡಿ ಅಂದಿದ್ದೆ ಅಂಕಲ್!

ದ್ವಾರಕನಾಥ: ಅವನೂ ನಿಂಗೆ ಹೇಳ್ಬೇಡಿ ಅಂದಿದ್ದ. ಇಬ್ಬರ ಮಾತೂ ಉಳಿಸ್ಕೊಂಡೆ.

ಕೌಶಿಕ್: ಹೊರಗೆ ಕಷಾಯ, ಒಳಗೆ ಪುಡಿ. ಪಾಪ, ನನ್ನ ಲಿವರ್ ಯಾರ ಹತ್ರ ಹೇಳ್ಕೊಳ್ಳುತ್ತೆ?

ಅನಘಾ: ಅದಕ್ಕೇ ರಿಪೋರ್ಟಲ್ಲಿ ಹೇಳ್ಕೊಂಡಿದೆ.

ಗಂಡ ಚೀಲ ಅಗಲಿಸಿದ, ಹೆಂಡತಿ ಬಾಟಲಿ ಒಳಗಿಟ್ಟಳು. ಎಂಟು ವಾರದಲ್ಲಿ ಅವರಿಬ್ಬರೂ ಸೇರಿ ಮಾಡಿದ ಮೊದಲ ಚಿಕಿತ್ಸೆ ಅದು. ಅಷ್ಟರಲ್ಲಿ ಕೌಶಿಕನಿಗೆ ಅಂಕಲ್ ಮೇಲೂ ಕನಿಕರ ಉಕ್ಕಿತು.

ಕೌಶಿಕ್: ಅಂಕಲ್, ನೀವೂ ಒಂದ್ಸಲ ಬ್ಲಡ್ ಟೆಸ್ಟ್ ಮಾಡ್ಸಿಬಿಡಿ. ದಿನಾ ಎಷ್ಟು ಲೋಟ ಕುಡೀತೀರ?

ದ್ವಾರಕನಾಥ: ನಾನಾ? ಆ ಕಹೀನ ಯಾರಪ್ಪ ಕುಡೀತಾರೆ! ಕಾರಿಡಾರ್ ತುಂಬ ಬಳ್ಳಿ ಹಬ್ಬಿದೆ, ಕತ್ತರಿಸಿ ಅಂತ ನೋಟಿಸ್ ಬಂದಿತ್ತು. ಬಿಸಾಡೋಕೆ ಮನಸ್ಸಾಗ್ಲಿಲ್ಲ.