ಬಚ್ಚಲಿನ ಕಿಟಕಿಯಲ್ಲಿ ಸಿಗ್ನಲ್

ಎರಡು ಫೋನ್ ಕಂಪನಿಗಳು ಹಾಗೆ ತೊಡೆ ತಟ್ಟಿ ನಿಂತಿದ್ದಾಗ, ತನ್ನ ಹೆಂಡತಿಗೆ ಅದರಲ್ಲಿ ಎಳ್ಳಷ್ಟೂ ಆಸಕ್ತಿಯಿಲ್ಲವಲ್ಲ ಎಂಬುದೇ ದರ್ಜಿಯ ದೊಡ್ಡ ಕೊರಗಾಗಿತ್ತು. ಒಬ್ಬರು ದರ ಇಳಿಸಿದರೆ ಮಾರನೇ ದಿನ ಇನ್ನೊಬ್ಬರು ಇನ್ನಷ್ಟು ಇಳಿಸುತ್ತಿದ್ದರು. ಈ ಮಹಾಸಮರದ ವರದಿಯನ್ನು ಅವನು ಕಾಜಾ ಹೊಲಿಯುತ್ತಲೇ ಗಿರಾಕಿಗಳಿಗೆ ಒಪ್ಪಿಸುತ್ತಿದ್ದ. ಕೊನೆಗೆ ಮನೆಯ ಎರಡೂ ನಂಬರುಗಳನ್ನು ಹೊಸ ಕಂಪನಿಗೆ ಬದಲಾಯಿಸಿಕೊಂಡು ಬಂದ.

"ದೂರದಲ್ಲಿರೋ ಮಗಳಿಗೆ ದಿನ ತುಂಬಿದೆ. ಈಗಲೇ ಆಗಬೇಕಿತ್ತೇನ್ರೀ ಇದು?" ಎಂದಳು ಹೆಂಡತಿ.

"ಅವರಿಬ್ಬರು ಕಿತ್ತಾಡ್ತಿರುವಾಗಲೇ ನಾವು ಬಾಚ್ಕೋಬೇಕು ಕಣೇ. ಇನ್ಮೇಲೆ ಮಗಳ ಹತ್ರ ಎಷ್ಟು ಬೇಕಾದ್ರೂ ಮಾತಾಡು, ಖರ್ಚಿಲ್ಲ."

ಖರ್ಚಿರಲಿಲ್ಲ, ನಿಜ. ಮಾತೂ ಇರಲಿಲ್ಲ. ಹೊಸ ಕಂಪನಿಯ ಸಿಗ್ನಲ್ ನಡುಮನೆಗೆ ಬರಲಿಲ್ಲ, ಅಡುಗೆಮನೆಗೆ ಇಣುಕಲೂ ಇಲ್ಲ. ಮನೆಯೆಲ್ಲ ತಡಕಾಡಿದ ಮೇಲೆ ಬಚ್ಚಲಿನ ಕಿಟಕಿಯಲ್ಲಿ ಸಿಕ್ಕಿತು. ಹೆಂಡತಿ ಎರಡೂ ಫೋನುಗಳನ್ನು ಅಲ್ಲಿಟ್ಟು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತುಬಿಟ್ಟಳು. ಸ್ನಾನಕ್ಕೆ ಹೋಗಬೇಕಾದವರು (ಅಂದರೆ ದರ್ಜಿಯೊಬ್ಬನೇ) ಅವಳ ಅಪ್ಪಣೆ ಪಡೆಯಬೇಕಾಯಿತು.

ಹಾಗೆ ಅಪ್ಪಣೆ ಪಡೆದು ಅವನು ತಲೆಗೆ ಸೋಪು ಹಚ್ಚಿಕೊಂಡಿದ್ದಾಗ ಫೋನ್ ಬಂತು. ಕಣ್ಣು ಮುಚ್ಚಿಕೊಂಡೇ ತೆಗೆದ. ಅಳಿಯ.

"ಮಾವ, ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಅತ್ತೆಗೆ ಕೊಡಿ, ಇವಳು ಅಮ್ಮನ ಹತ್ರ ಮಾತಾಡ್ಬೇಕಂತೆ."

ಹೊರಗೆ ಹೆಂಡತಿ ಬಾಗಿಲು ಬಡಿಯುತ್ತಿದ್ದಳು. ಅವನು ಟವೆಲ್ ಸುತ್ತಿಕೊಂಡು, ಬಾಗಿಲು ಸರಿಸಿ, ಕೈ ಚಾಚಿ ಫೋನ್ ಕೊಟ್ಟ. ಹೊಸಿಲು ದಾಟಿದ್ದೇ ಸಿಗ್ನಲ್ ಹೋಯಿತು. "ಪುಟ್ಟಿ, ಪುಟ್ಟಿ" ಎನ್ನುತ್ತ ಅವಳು ಸತ್ತ ಫೋನನ್ನು ಕಿವಿಗೊತ್ತಿಕೊಂಡೇ ನಿಂತಳು. ಒಳಗೆ ಬಂದು ಮತ್ತೆ ಮಾಡಿದಾಗ ಅತ್ತ ಯಾರೂ ತೆಗೆಯಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು. ಸೋಪು ಹೋಯ್ತು ಅಂದ.

ಹಳೆಯ ಕಂಪನಿಗೇ ಮರಳೋಣವೆಂದು ಮಧ್ಯಾಹ್ನ ಫೋನಿನ ಅಂಗಡಿಗೆ ಓಡಿದ.

"ಆ ಕಂಪನೀನ ನಿಮ್ಮ ಕಂಪನಿಯವರೇ ಕೊಂಡ್ಕೊಂಡ್ರಲ್ಲ" ಎಂದ ಅಂಗಡಿಯವನು, ಸಾವಿನ ಸುದ್ದಿ ಹೇಳುವವನಂತೆ ದನಿ ತಗ್ಗಿಸಿ. "ಇನ್ನು ಜಗಳ ಯಾರ ಜೊತೆ? ದರ ಆಗಲೇ ಏರಿಸಿದ್ದಾರೆ."

ಮನೆಗೆ ಬಂದರೆ ಹೆಂಡತಿ ಚೀಲ ತುಂಬಿಕೊಂಡು ನಿಂತಿದ್ದಳು.

"ಎಲ್ಲಿಗೆ?"

"ಮಗಳ ಹತ್ರ. ಅಲ್ಲಿ ಮಾತಾಡೋಕೆ ಫೋನ್ ಬೇಡ."

"ಬರೋದು ಯಾವಾಗ?"

"ಫೋನ್ ಮಾಡಿ ಹೇಳ್ತೀನಿ."

ಬಚ್ಚಲಿನ ಸ್ಟೂಲಿನ ಮೇಲೆ ಈಗ ದರ್ಜಿ ಕೂತ. ಕೆಲವು ದಿನ ಕಾದ ಮೇಲೆ, ನಾಚಿಕೆ ಬಿಟ್ಟು ತಾನೇ ಫೋನ್ ಮಾಡಿದ. "ಕೂಸಿನ ದನಿ ಒಂದ್ಸಲ ಕೇಳಿಸೇ" ಎಂದ.

"ಮಲಗಿದೆ. ಉಸಿರಾದ್ರೂ ಕೇಳಿ" ಎಂದು ಅವಳು ಫೋನನ್ನು ಕೂಸಿನ ಪಕ್ಕ ಹಿಡಿದಳು.

ಅವನು ತನ್ನ ಉಸಿರು ಬಿಗಿಹಿಡಿದು ಕಾದ. ಫೋನ್ ಕಟ್ಟಾಯಿತು. ಮತ್ತೆ ಒತ್ತಿದಾಗ ಕೇಳಿಸಿದ್ದು ಒಂದು ಹೆಣ್ಣಿನ ಇಂಪಾದ ದನಿ: ಪ್ರಿಯ ಗ್ರಾಹಕರೇ, ತಮ್ಮ ಪ್ಲಾನ್ ಮುಗಿದಿದೆ, ದಯವಿಟ್ಟು ಹೊಸ ದರದಲ್ಲಿ ರೀಚಾರ್ಜ್ ಮಾಡಿಸಿಕೊಳ್ಳಿ, ತಮಗೆ ಧನ್ಯವಾದಗಳು.

ಇತ್ತೀಚೆಗೆ ಯಾವ ಹೆಂಗಸೂ ಅವನೊಡನೆ ಇಷ್ಟು ಮರ್ಯಾದೆಯಿಂದ ಮಾತಾಡಿರಲಿಲ್ಲ. ಅವನು ಪೂರ್ತಿ ಕೇಳಿಸಿಕೊಂಡ.